ವಾಲ್ಥರ್ ಅವರ ಶುಕ್ರವಾರದ ಪಾಠಗಳು: ದುಡ್ಡು ಕೊಟ್ಟು ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ಚರ್ಚಿನಲ್ಲಿ ಪ್ರಸಂಗ (ಬೋಧನೆ) ಮಾಡುವವರು, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವರು, ಹಾಸಿಗೆ ಹಿಡಿದವರ ಮನೆಗೆ ಪ್ರಾರ್ಥನೆಗೆ ಹೋಗುವವರು ಈ ಪುಸ್ತಕವನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಮಲಗುವ ಮುಂಚೆ ಎರಡು ಪುಟ ಓದಿ ಮನಸ್ಸು ಹಗುರ ಆಗಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ಹಗುರ ಮಾಡುವ ಪುಟಗಳು ಇದರಲ್ಲಿ ಇವೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುದುಕರೊಬ್ಬರು ನಿಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿರುತ್ತಾರೆ.

ಆ ಮುದುಕರು ಸಿ. ಎಫ್. ಡಬ್ಲ್ಯೂ. ವಾಲ್ಥರ್. ಅಮೆರಿಕದ ಮಿಸೌರಿ ಸಿನಡ್ ಎಂಬ ಲೂಥರನ್ ಸಭೆಯ, ಅಂದರೆ ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಲೂಥರನ ಹಾದಿಯ ಚರ್ಚಿನ, ಮೊದಲ ಅಧ್ಯಕ್ಷರು. ಪುಸ್ತಕದ ಹೆಸರು ‘ಲಾ ಆ್ಯಂಡ್ ಗಾಸ್ಪೆಲ್’. ಧರ್ಮಶಾಸ್ತ್ರ ಮತ್ತು ಸುವಾರ್ತೆ ಅನ್ನೋಣ. ನನ್ನ ಹತ್ತಿರ ಇರುವುದು ಸೇಂಟ್ ಲೂಯಿಸಿನ ಕಾಂಕಾರ್ಡಿಯಾ ಪಬ್ಲಿಷಿಂಗ್ ಹೌಸ್ 2010ರಲ್ಲಿ ತಂದ ಹೊಸ ಇಂಗ್ಲಿಷ್ ಅನುವಾದ. ಇದಕ್ಕೂ ಮುಂಚೆ ಡೌ ಎಂಬ ಪ್ರೊಫೆಸರು ಮಾಡಿದ 1929ರ ಅನುವಾದ ಇತ್ತು. ಅದನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಎರಡರ ಮಾತು ಆಮೇಲೆ ಬರುತ್ತದೆ.

ಯಾರು ಹೇಳುತ್ತಿದ್ದಾರೆ ಅನ್ನುವುದೂ ಗೊತ್ತಿರಲಿ. ನಾನು ಮಂಗಳೂರಿನವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಮೂಲದಲ್ಲಿ ಬಾಸೆಲ್ ಮಿಶನ್ ಮನೆತನ. ಹೊಟ್ಟೆಪಾಡಿಗೆ ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾಗದ, ಬಿಲ್ ಬುಕ್, ಸಂಘದ ವಾರ್ಷಿಕ ವರದಿ, ಇಷ್ಟೇ. ಅಯ್ಯನವರು (ನಮ್ಮ ಪಾದ್ರಿ) ಊರಲ್ಲಿ ಇಲ್ಲದ ಭಾನುವಾರ ಪ್ರಸಂಗ ನನ್ನ ತಲೆಗೆ ಬರುತ್ತದೆ. ಅಂದರೆ ನಾನು ಲೂಥರನ್ ಅಲ್ಲ, ದೇವಶಾಸ್ತ್ರ ಓದಿ ಡಿಗ್ರಿ ತೆಗೆದುಕೊಂಡವನೂ ಅಲ್ಲ. ಹೊರಗಿನವನ ಕಣ್ಣಿನಲ್ಲಿ ಬರೆದದ್ದು ಅಂತ ತಿಳಿದು ಓದಿ.

ಈ ಪುಸ್ತಕವನ್ನು ವಾಲ್ಥರ್ ಕೂತು ಬರೆದದ್ದಲ್ಲ. ಬಾಯಲ್ಲಿ ಹೇಳಿದ್ದು. ಸೇಂಟ್ ಲೂಯಿಸಿನ ಕಾಂಕಾರ್ಡಿಯಾ ಸೆಮಿನರಿಯಲ್ಲಿ ಶುಕ್ರವಾರ ಸಂಜೆ ಅವರು ವಿದ್ಯಾರ್ಥಿಗಳನ್ನೆಲ್ಲ ಕೂರಿಸಿಕೊಂಡು ಮಾತಾಡುತ್ತಿದ್ದರು. 1884ರ ಸೆಪ್ಟೆಂಬರಿನಲ್ಲಿ ಶುರುವಾಗಿ 1885ರ ನವೆಂಬರಿನಲ್ಲಿ ಮುಗಿದ 39 ಸಂಜೆಗಳ ಮಾತು ಇದು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1887ರಲ್ಲಿ ತೀರಿಕೊಂಡರು. ಶೀಘ್ರಲಿಪಿಯಲ್ಲಿ ಬರೆದುಕೊಂಡದ್ದನ್ನು ಒಟ್ಟುಮಾಡಿ 1897ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿದರು. ಕರಡು ತಿದ್ದಲು ಮಾತಾಡಿದವರೇ ಇರಲಿಲ್ಲ. ಹಾಗಾಗಿ ಒಂದೇ ಮಾತು ಮೂರು ಸಲ ಬರುತ್ತದೆ, ಹೋದ ವಾರ ಹೇಳಿದ್ದನ್ನು ಈ ವಾರ ಮತ್ತೆ ಹೇಳುತ್ತಾರೆ. ಇದನ್ನು ಕೊರತೆ ಅಂತ ಕೆಲವರು ಹೇಳಬಹುದು. ನನಗೆ ಅದೇ ಹಿಡಿಸಿತು. ಪುಸ್ತಕದ ಭಾಷೆಗಿಂತ ಕ್ಲಾಸಿನ ಭಾಷೆ ಜಾಸ್ತಿ. ಎದುರಿಗೆ ಕೂತ ಹುಡುಗರು ಇನ್ನೇನು ಒಂದೆರಡು ವರ್ಷದಲ್ಲಿ ಯಾವುದೋ ಹಳ್ಳಿಗೆ ಹೋಗಿ ಪ್ರಸಂಗಪೀಠ ಹತ್ತುತ್ತಾರೆ, ಅಲ್ಲಿ ಯಾರನ್ನಾದರೂ ಹಾಳು ಮಾಡಿಬಿಟ್ಟಾರು ಅನ್ನುವ ದಿಗಿಲು ಅವರ ಮಾತಿನಲ್ಲಿ ಕೇಳಿಸುತ್ತದೆ.

ವಿಷಯ ಏನು? ದೇವರ ವಾಕ್ಯದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಂದು ಧರ್ಮಶಾಸ್ತ್ರ: ಹೀಗೆ ಮಾಡು, ಹೀಗೆ ಇರು, ಇಲ್ಲದಿದ್ದರೆ ತೀರ್ಪು. ಇನ್ನೊಂದು ಸುವಾರ್ತೆ: ನಿನಗಾಗಿ ಕ್ರಿಸ್ತ ಮಾಡಿ ಮುಗಿಸಿದ್ದಾನೆ, ತಗೋ. ಹಳೆ ಒಡಂಬಡಿಕೆ ಧರ್ಮಶಾಸ್ತ್ರ, ಹೊಸದು ಸುವಾರ್ತೆ ಅಂತ ಅಲ್ಲ. ಅದು ನಮ್ಮಲ್ಲಿ ತುಂಬ ಜನರ ತಿಳುವಳಿಕೆ. ಎರಡೂ ಎರಡರಲ್ಲೂ ಇವೆ. ಬೆಟ್ಟದ ಪ್ರಸಂಗದಲ್ಲಿ ಧರ್ಮಶಾಸ್ತ್ರ ಇದೆ, ಯೆಶಾಯನಲ್ಲಿ ಸುವಾರ್ತೆ ಇದೆ. ಮೊದಲ ಪಾಠಗಳಲ್ಲಿ ವಾಲ್ಥರ್ ಇವೆರಡರ ವ್ಯತ್ಯಾಸವನ್ನು ಆರು ಬಗೆಯಲ್ಲಿ ಬಿಡಿಸಿ ಹೇಳುತ್ತಾರೆ. ಧರ್ಮಶಾಸ್ತ್ರ ಮನುಷ್ಯನ ಎದೆಯಲ್ಲಿ ಹುಟ್ಟಿನಿಂದಲೇ ಬರೆದಿದೆ, ಸುವಾರ್ತೆ ಯಾರಾದರೂ ಬಂದು ಹೇಳದೆ ಗೊತ್ತಾಗುವುದಿಲ್ಲ. ಧರ್ಮಶಾಸ್ತ್ರದ ವಾಗ್ದಾನಕ್ಕೆ ಷರತ್ತು ಇದೆ, ಸುವಾರ್ತೆಯದಕ್ಕೆ ಇಲ್ಲ. ಧರ್ಮಶಾಸ್ತ್ರದಲ್ಲಿ ಬೆದರಿಕೆ ತುಂಬಿದೆ, ಸುವಾರ್ತೆಯಲ್ಲಿ ಬೆದರಿಕೆಯೇ ಇಲ್ಲ. ಒಂದೂ ಇಲ್ಲ. ಕೊನೆಯದು, ಯಾರಿಗೆ ಯಾವುದನ್ನು ಹೇಳಬೇಕು ಅನ್ನುವುದು. ಪುಸ್ತಕ ನಿಂತಿರುವುದೇ ಈ ಕೊನೆಯದರ ಮೇಲೆ.

ಒಟ್ಟು 25 ಥೀಸಿಸ್‌ಗಳು. ಥೀಸಿಸ್ ಅಂದರೆ ಒಂದೊಂದಾಗಿ ಮಂಡಿಸಿದ ಪ್ರತಿಪಾದನೆ. ಮೊದಲ ನಾಲ್ಕು ಪೀಠಿಕೆ. ಮಿಕ್ಕ 21 ಕೂಡ ಇವೆರಡನ್ನು ಹೇಗೆಲ್ಲ ಕಲಸಿ ಕೆಡಿಸಬಹುದು ಅನ್ನುವ ಪಟ್ಟಿ. ಕ್ರಿಸ್ತನನ್ನು ಕಟ್ಟಳೆ ಕೊಡುವ ಇನ್ನೊಬ್ಬ ಮೋಶೆ ಮಾಡುವುದು. ಧರ್ಮಶಾಸ್ತ್ರದ ಬಿಸಿ ಕಡಿಮೆ ಮಾಡುವುದು. ಸುವಾರ್ತೆಯ ಸಿಹಿ ಕಡಿಮೆ ಮಾಡುವುದು. ಹೆದರಿದವನಿಗೆ ಮತ್ತೆ ಧರ್ಮಶಾಸ್ತ್ರ ಹೇಳುವುದು, ಕಾಲ ಮೇಲೆ ಕಾಲು ಹಾಕಿ ಕೂತವನಿಗೆ ಸುವಾರ್ತೆ ಹೇಳುವುದು.

ದುಡ್ಡು ವಸೂಲಾಗುವುದು ಒಂಬತ್ತನೇ ಥೀಸಿಸ್‌ನಲ್ಲಿ. ಪಾಪದ ಅರಿವಾಗಿ ಕುಸಿದು ಕೂತವನನ್ನು ಎಲ್ಲಿಗೆ ಕಳಿಸಬೇಕು? ದೇವರ ವಾಕ್ಯಕ್ಕೆ, ದೀಕ್ಷಾಸ್ನಾನಕ್ಕೆ, ಕರ್ತನ ಭೋಜನಕ್ಕೆ (ಚರ್ಚಿನ ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಅನ್ನುತ್ತಾರೆ ವಾಲ್ಥರ್. ಅದು ಬಿಟ್ಟು, ‘ಇನ್ನೂ ಪ್ರಾರ್ಥನೆ ಮಾಡು, ಹೋರಾಡು, ಕ್ಷಮೆ ಸಿಕ್ಕಿತು ಅಂತ ಒಳಗೆ ಅನಿಸುವ ತನಕ ಬಿಡಬೇಡ’ ಅಂತ ಕಳಿಸಿದರೆ ವಾಕ್ಯವನ್ನು ಕೆಡಿಸಿದ ಹಾಗೆ. ಇದಕ್ಕೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳನ್ನು ಬಿಚ್ಚುತ್ತಾರೆ. ಫಿಲಿಪ್ಪಿಯ ಸೆರೆಮನೆಯ ಯಜಮಾನನನ್ನು ನೋಡಿ. ಕತ್ತಿ ಹಿರಿದು ಜೀವ ತೆಗೆದುಕೊಳ್ಳಲು ಹೊರಟವನು. ನಡುಗುತ್ತಾ ಬಂದು, ರಕ್ಷಣೆ ಹೊಂದಲು ಏನು ಮಾಡಬೇಕು ಅಂತ ಕೇಳುತ್ತಾನೆ. ಪೌಲ ಅವನಿಗೆ ಉಪವಾಸ ಹೇಳಲಿಲ್ಲ. ರಾತ್ರಿಯೆಲ್ಲ ಅಳು ಅನ್ನಲಿಲ್ಲ. ಕರ್ತನಾದ ಯೇಸುವನ್ನು ನಂಬು ಅಂದ. ಅದೇ ರಾತ್ರಿ ಅವನಿಗೂ ಮನೆಯವರಿಗೂ ದೀಕ್ಷಾಸ್ನಾನ, ಆಮೇಲೆ ಊಟ.

ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನ್ನ ದೊಡ್ಡಮ್ಮ ನೆನಪಾದರು. ವರ್ಷವರ್ಷ ಉಜ್ಜೀವನ ಕೂಟಕ್ಕೆ ತಪ್ಪದೆ ಹೋಗುತ್ತಿದ್ದರು. ‘ಎಲ್ಲರಿಗೂ ಕಣ್ಣೀರು ಬಂತು ಮಗಾ, ನನಗೆ ಮಾತ್ರ ಬರ್ಲಿಲ್ಲ’ ಅನ್ನುತ್ತಿದ್ದರು. ಅಷ್ಟು ಒಳ್ಳೆಯ ಹೆಂಗಸು, ತನಗೆ ಕ್ಷಮೆ ಸಿಕ್ಕಿದೆಯೋ ಇಲ್ಲವೋ ಅನ್ನುವ ಸಂಶಯದಲ್ಲೇ ಎಂಬತ್ತು ದಾಟಿದರು. ಕೂಟದಲ್ಲಿ ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ. ಒಳಗೆ ನೋಡಿಕೋ ಅಂದಿದ್ದರು. ಒಳಗೆ ನೋಡಿದರೆ ಕಾಣುವುದು ಏನು? ನಾವೇ ಅಲ್ವಾ?

ವಾಲ್ಥರ್ ಇದನ್ನು ದೂರ ನಿಂತು ಹೇಳುವುದಿಲ್ಲ ಅನ್ನುವುದು ಮುಖ್ಯ. ಲೈಪ್ಜಿಗ್‌ನಲ್ಲಿ ಓದುತ್ತಿದ್ದಾಗ ಅವರು ಒಂದು ಭಕ್ತಿಯ ಗುಂಪಿಗೆ ಸೇರಿದ್ದರು. ಅದರ ಮುಂದಾಳು, ಧರ್ಮಶಾಸ್ತ್ರದ ಭಯ ಪೂರ್ತಿ ಅನುಭವಿಸದವನು ನಿಜವಾದ ಕ್ರೈಸ್ತನೇ ಅಲ್ಲ ಅಂತ ಕಲಿಸುತ್ತಿದ್ದ. ಹುಡುಗ ಊಟ ಬಿಟ್ಟು, ಸೊರಗಿ, ಆರೋಗ್ಯ ಕೆಡಿಸಿಕೊಂಡ. ಕಡೆಗೆ ಡ್ರೆಸ್ಡೆನ್ನಿನ ಮಾರ್ಟಿನ್ ಸ್ಟೀಫನ್ ಎಂಬ ಪಾದ್ರಿಗೆ ಕಾಗದ ಬರೆದ. ಉತ್ತರ ಬಂದಾಗ ಒಡೆಯಲೂ ಹೆದರಿ, ಇದರಲ್ಲಿ ಸುಳ್ಳು ಸಮಾಧಾನ ಇದ್ದರೆ ನನ್ನನ್ನು ತಪ್ಪಿಸು ಅಂತ ಪ್ರಾರ್ಥನೆ ಮಾಡಿ ಒಡೆದನಂತೆ. ಆ ಕಾಗದದಲ್ಲಿ ಅವನಿಗೆ ಸುವಾರ್ತೆ ಸಿಕ್ಕಿತು.

ಮುಂದಿನ ಕಥೆ ಸಿನಿಮಾಕ್ಕಿಂತ ಹೆಚ್ಚು. ಅದೇ ಸ್ಟೀಫನ್ ಹಿಂದೆ ಸ್ಯಾಕ್ಸನಿಯ ಆರುನೂರಕ್ಕೂ ಹೆಚ್ಚು ಜನ 1838ರಲ್ಲಿ ಐದು ಹಡಗು ಹತ್ತಿ ಅಮೆರಿಕಕ್ಕೆ ಹೊರಟರು. ಅಮಾಲಿಯಾ ಎಂಬ ಹಡಗು ಸಮುದ್ರದಲ್ಲೇ ಕಾಣೆಯಾಯಿತು. ಉಳಿದವರು ಮಿಸೌರಿಗೆ ಮುಟ್ಟಿದ ಕೆಲವೇ ತಿಂಗಳಿಗೆ, 1839ರಲ್ಲಿ, ಸ್ಟೀಫನ್ ಮೇಲೆ ಹೆಂಗಸರ ವಿಷಯದಲ್ಲಿ, ಹಣದ ವಿಷಯದಲ್ಲಿ ಆರೋಪ ಬಂತು. ಅವನನ್ನು ಪದವಿಯಿಂದ ಇಳಿಸಿ ದೋಣಿಯಲ್ಲಿ ಮಿಸಿಸಿಪಿ ದಾಟಿಸಿ ಆಚೆ ದಡಕ್ಕೆ ಬಿಟ್ಟರು. ಈಗ ಇಡೀ ಊರಿಗೇ ದೊಡ್ಡಮ್ಮನ ಸಂಶಯ ಹಿಡಿಯಿತು. ನಾವು ಬಂದದ್ದೇ ತಪ್ಪಾ? ನಾವು ಸಭೆ ಹೌದಾ ಅಲ್ಲವಾ? ನಮ್ಮ ದೀಕ್ಷಾಸ್ನಾನ, ನಮ್ಮ ಭೋಜನ ನಿಜವಾ? 1841ರ ಏಪ್ರಿಲ್‌ನಲ್ಲಿ ಆಲ್ಟೆನ್‌ಬರ್ಗ್ ಎಂಬಲ್ಲಿ ಇದರ ಮೇಲೆ ವಾದ ನಡೆಯಿತು. ವಾಲ್ಥರ್ ಎದ್ದು ನಿಂತು, ನಮ್ಮ ಯೋಗ್ಯತೆ ನೋಡಬೇಡಿ, ವಾಕ್ಯ ಎಲ್ಲಿದೆಯೋ ಅಲ್ಲಿ ಸಭೆ ಇದೆ ಅನ್ನುವ ಅರ್ಥದಲ್ಲಿ ವಾದಿಸಿ ಗೆದ್ದರು. ತನಗೆ ಸಿಕ್ಕ ಮದ್ದನ್ನೇ ಊರಿಗೂ ಕೊಟ್ಟರು. ಒಂಬತ್ತನೇ ಥೀಸಿಸ್ ಓದುವಾಗ ಇಷ್ಟು ಹಿನ್ನೆಲೆ ಗೊತ್ತಿದ್ದರೆ ಆ ಮಾತುಗಳ ತೂಕವೇ ಬೇರೆ.

ನಮ್ಮ ಕಡೆಯವರಿಗೆ ಇದು ಹತ್ತಿರದ ವಿಷಯ ಕೂಡ. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಅವರನ್ನು ಕಳಿಸಿದ ಬಾಸೆಲ್ ಮಿಶನ್ನಿನ ಬೇರು ಇದೇ ಜರ್ಮನ್ ಭಕ್ತಿ ಚಳುವಳಿಯಲ್ಲಿ ಇತ್ತು. ಶಾಲೆ, ಮಗ್ಗ, ಹಂಚು, ಪ್ರೆಸ್ ಎಲ್ಲ ಕೊಟ್ಟವರು ಅವರು. ಅವರ ಋಣ ನನ್ನ ಹೊಟ್ಟೆಯಲ್ಲೇ ಇದೆ. ಜೊತೆಗೆ ಒಳಗೆ ನೋಡಿಕೊಳ್ಳುವ ಈ ಅಭ್ಯಾಸವೂ ನಮ್ಮ ಮನೆಗಳಿಗೆ ಬಂತು. ಅದರಲ್ಲಿ ಒಳ್ಳೆಯದೂ ಇದೆ. ಬಾಸೆಲ್ ಮನೆತನದ ಹಳಬರ ಶಿಸ್ತು, ಪ್ರಾಮಾಣಿಕತೆ ಸುಮ್ನೆ ಬಂದದ್ದಲ್ಲ. ವಾಲ್ಥರ್ ಈ ಒಳ್ಳೆಯದಕ್ಕೆ ಮಾರ್ಕು ಕೊಡುವುದರಲ್ಲಿ ಭಾರಿ ಜಿಪುಣ.

ಹದಿಮೂರು ಮತ್ತು ಹದಿನಾಲ್ಕನೇ ಥೀಸಿಸ್‌ಗಳನ್ನು ನಿಧಾನವಾಗಿ ಓದಿ. ‘ನಂಬು, ಈಗಲೇ ನಂಬು’ ಅಂತ ವೇದಿಕೆಯಿಂದ ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ನಂಬಿಕೆಯನ್ನು ಮನುಷ್ಯ ತಾನೇ ಹುಟ್ಟಿಸಿಕೊಳ್ಳುವ ಹಾಗೆ ಕೇಳಬೇಡಿ ಅನ್ನುತ್ತದೆ ಹದಿಮೂರು. ನಂಬಿಕೆಯನ್ನು ಷರತ್ತು ಮಾಡಬೇಡಿ ಅನ್ನುತ್ತದೆ ಹದಿನಾಲ್ಕು. ಮೊದಲು ಓದಿದಾಗ ಗೊಂದಲ ಆಗುತ್ತದೆ. ನಂಬಿಕೆಯಿಂದಲೇ ನೀತಿವಂತರಾಗುತ್ತೇವೆ ಅನ್ನುವವರೇ ನಂಬಿಕೆ ಷರತ್ತಲ್ಲ ಅಂದರೆ ಹೇಗೆ? ವಾಲ್ಥರ್ ಕೊಡುವ ಉತ್ತರ ಹೀಗೆ. ಕ್ರಿಸ್ತ ಸತ್ತು ಎದ್ದಾಗ ಲೋಕದ ಪಾಪದ ಲೆಕ್ಕ ಮುಗಿದಿದೆ. ಆ ಕ್ಷಮೆಯನ್ನು ಸುವಾರ್ತೆ ತಂದು ಕೊಡುತ್ತದೆ. ನಂಬಿಕೆ ಅಂದರೆ ಭಿಕ್ಷುಕ ಚಾಚಿದ ಖಾಲಿ ಕೈ. ಕೈ ಚಾಚಿದ್ದಕ್ಕೆ ಕೂಲಿ ಅಂತ ಯಾರೂ ಭಿಕ್ಷೆ ಹಾಕುವುದಿಲ್ಲ.

ಇದನ್ನು ಅವರು ಅಷ್ಟು ಒತ್ತಿ ಹೇಳಲು ಕಾರಣ ಇದೆ. ಆಗಷ್ಟೇ ಅಮೆರಿಕದ ಲೂಥರನ್ನರ ನಡುವೆ ದೊಡ್ಡ ಜಗಳ ಆಗಿ ಮನೆ ಒಡೆದಿತ್ತು. ದೇವರು ನಮ್ಮನ್ನು ಆರಿಸಿಕೊಂಡದ್ದು ನಾವು ಮುಂದೆ ನಂಬುತ್ತೇವೆ ಅಂತ ಮೊದಲೇ ಕಂಡದ್ದರಿಂದ ಅಂತ ಒಂದು ಪಕ್ಷ. ಹದಿನೇಳನೇ ಶತಮಾನದ ಲೂಥರನ್ ಪಂಡಿತರು ಹಾಗೆ ಬರೆದಿದ್ದರು. ಅಲ್ಲ, ಬರೀ ಕೃಪೆಯಿಂದ, ನಮ್ಮಲ್ಲಿ ಏನನ್ನೂ ಕಂಡು ಅಲ್ಲ ಅಂತ ವಾಲ್ಥರ್ ಪಕ್ಷ. ಇವರನ್ನು ಗುಟ್ಟಿನ ಕ್ಯಾಲ್ವಿನಿಸ್ಟ್ (ಯಾರು ರಕ್ಷಣೆ ಹೊಂದಬೇಕು, ಯಾರು ಬೇಡ ಅಂತ ದೇವರೇ ಮೊದಲೇ ಗೊತ್ತುಮಾಡಿದ್ದಾನೆ ಅನ್ನುವವರು) ಅಂತ ಎದುರು ಪಕ್ಷದವರು ಜರೆದರು. 1872ರಲ್ಲಿ ಹಲವು ಲೂಥರನ್ ಸಿನಡ್‌ಗಳು ಸೇರಿ ಒಕ್ಕೂಟವಾಗಿ ಕಟ್ಟಿದ ಸಿನಾಡಿಕಲ್ ಕಾನ್ಫರೆನ್ಸ್‌ನಿಂದ 1881ರಲ್ಲಿ ಓಹಾಯೋ ಸಿನಡ್ ಹೊರಟುಹೋಯಿತು. ಆ ಗಾಯ ಹಸಿಯಾಗಿದ್ದಾಗ ಹೇಳಿದ ಪಾಠಗಳು ಇವು. ಲೋಕಕ್ಕೆಲ್ಲ ಕ್ಷಮೆ ಆಗಿದೆಯೇ, ಇಲ್ಲ ನಂಬಿದಾಗ ಮಾತ್ರ ಆಗುತ್ತದೆಯೇ ಅನ್ನುವ ವಾದ ಕಟ್ಟಾ ಲೂಥರನ್ನರಲ್ಲಿ ಇವತ್ತಿಗೂ ತಣ್ಣಗಾಗಿಲ್ಲ.

ಈ ಪುಸ್ತಕದ ಬಲದಿಂದ ನಾನು ಒಂದು ಭಾನುವಾರ ಬೈಬಲ್ಲಿನ ಲೂಕ ಹದಿನೆಂಟನೇ ಅಧ್ಯಾಯದ ಸುಂಕ ವಸೂಲಿಯವನ ಮೇಲೆ ಪ್ರಸಂಗ ಮಾಡಿದೆ. ಅವನು ದೇವಾಲಯದಲ್ಲಿ ದೂರ ನಿಂತು ಎದೆ ಬಡಿದುಕೊಂಡ, ನೀತಿವಂತನೆಂದು ಅನ್ನಿಸಿಕೊಂಡು ಮನೆಗೆ ಹೋದ, ಅಷ್ಟೇ. ‘ಆದ್ದರಿಂದ ನಾವೂ ಇನ್ನು ಮುಂದೆ’ ಅಂತ ಕೊನೆಗೆ ಸೇರಿಸುವ ಐದು ನಿಮಿಷವನ್ನು ಬಿಟ್ಟುಬಿಟ್ಟೆ. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು.

‘ಪ್ರಸಂಗ ಚೆನ್ನಾಗಿತ್ತು ಮಾರಾಯ. ಆದ್ರೆ ನಾವು ಮಾಡ್ಬೇಕಾದ್ದು ಏನು, ಅದು ಹೇಳ್ಲಿಲ್ಲ ನೀನು?’

‘ಇವತ್ತು ಏನೂ ಇಲ್ಲ ಮಾಮಾ.’

‘ಏನೂ ಇಲ್ವಾ? ಹಾಗಾದ್ರೆ ಜನ ಹಾಳಾಗಿ ಹೋಗುದಿಲ್ವಾ?’

ಮಾಮ ಚಪ್ಪಲಿ ಹಾಕಿಕೊಂಡು ಕೇಳಿದ ಪ್ರಶ್ನೆಗೆ ಐನೂರು ವರ್ಷದ ವಯಸ್ಸು. ಲೂಥರನ ಶಿಷ್ಯನೇ ಆದ ಯೋಹಾನ್ ಆಗ್ರಿಕೋಲ, ಕ್ರೈಸ್ತರಿಗೆ ಧರ್ಮಶಾಸ್ತ್ರ ಬೇಡವೇ ಬೇಡ ಅಂದ. ಲೂಥರ್ 1537ರಿಂದ ವಿಟೆನ್‌ಬರ್ಗ್‌ನಲ್ಲಿ ಅವನ ವಿರುದ್ಧ ಸಾಲಾಗಿ ವಾದಗಳನ್ನು ನಡೆಸಿದ. ಲೂಥರ್ ಸತ್ತ ಮೇಲೆ ಗಿಯಾರ್ಗ್ ಮೇಜರ್ ಎಂಬವನು, ರಕ್ಷಣೆಗೆ ಸತ್ಕ್ರಿಯೆ ಅಗತ್ಯ ಅಂದ. ಅದಕ್ಕೆ ಸಿಟ್ಟಾದ ಆಮ್ಸ್‌ಡಾರ್ಫ್, ಸತ್ಕ್ರಿಯೆ ರಕ್ಷಣೆಗೆ ಹಾನಿ ಅನ್ನುವಷ್ಟು ಮುಂದೆ ಹೋದ. ಆಂದ್ರೆಯಾಸ್ ಓಸಿಯಾಂಡರ್ ಇನ್ನೊಂದು ಕಡೆ ಎಳೆದ. ದೇವರು ನಮ್ಮನ್ನು ನೀತಿವಂತರೆಂದು ಘೋಷಿಸುವುದಷ್ಟೇ ಅಲ್ಲ, ಒಳಗೆ ವಾಸಿಸುವ ಕ್ರಿಸ್ತನೇ ನಮ್ಮ ನೀತಿ ಅಂದ. ಇದೆಲ್ಲಕ್ಕೂ ಲೂಥರನ್ನರ 1577ರ ಒಪ್ಪಂದ ಪತ್ರವಾದ ಫಾರ್ಮುಲಾ ಆಫ್ ಕಾಂಕಾರ್ಡ್‌ನಲ್ಲಿ ಒಂದೊಂದಾಗಿ ತೀರ್ಮಾನ ಬರೆದರು. ಕ್ಷಮೆ ನಮ್ಮ ಹೊರಗಿನಿಂದ ಬರುತ್ತದೆ. ಸತ್ಕ್ರಿಯೆ ಅದರ ಹಿಂದೆ ಬರುತ್ತದೆ, ಅದಕ್ಕೆ ಬೆಲೆಯಾಗಿ ಅಲ್ಲ. ನಂಬಿದವನಿಗೂ ಹಳೆಯ ಸ್ವಭಾವ ಇರುವ ತನಕ ಧರ್ಮಶಾಸ್ತ್ರ ಬೇಕು.

ಮಾಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಅವರು ಮೀನು ಮಾರ್ಕೆಟಿಗೆ ಹೋಗುವ ಅವಸರದಲ್ಲಿದ್ದರು.

ಆದರೆ ಅವರ ಪ್ರಶ್ನೆ ಪುಸ್ತಕದ ದುರ್ಬಲ ಜಾಗವನ್ನು ಸರಿಯಾಗಿ ಮುಟ್ಟಿತು. ನಂಬಿದವನು ಸೋಮವಾರ ಬೆಳಿಗ್ಗೆ ಎದ್ದು ಹೇಗೆ ಬದುಕುತ್ತಾನೆ ಅನ್ನುವುದರ ಮೇಲೆ ಇಲ್ಲಿ ಸಿಗುವುದು ಕಡಿಮೆ. ವಾಲ್ಥರ್ ಅದನ್ನು ಅಲ್ಲಗಳೆಯುವುದಿಲ್ಲ. ಪಾಪದಲ್ಲೇ ಹಾಯಾಗಿದ್ದುಕೊಂಡು ನಂಬಿಕೆ ಇದೆ ಅನ್ನುವುದು ಸುಳ್ಳು ಅಂತ ಹತ್ತನೇ ಥೀಸಿಸ್‌ನಲ್ಲೇ ಖಡಾಖಂಡಿತ ಹೇಳುತ್ತಾರೆ. ಆದರೆ ಅವರ ಗಮನ ಪ್ರಸಂಗಿಯ ಬಾಯಿ ಮೇಲೆ ಇದೆ, ಕೇಳಿದವನ ಕೈ ಮೇಲೆ ಅಲ್ಲ. ಇದರಿಂದ ಒಂದು ತೊಂದರೆಯೂ ಆಗಿದೆ. ಈ ಪುಸ್ತಕವನ್ನು ಓದಿ ಸೂತ್ರ ಮಾಡಿಕೊಂಡವರ ಪ್ರಸಂಗಗಳನ್ನು ಯೂಟ್ಯೂಬಿನಲ್ಲಿ ಕೇಳಿದ್ದೇನೆ. ಮೊದಲ ಹತ್ತು ನಿಮಿಷ ಹೆದರಿಸು, ಕೊನೆಯ ಹತ್ತು ನಿಮಿಷ ಸಮಾಧಾನ ಮಾಡು. ವಾಕ್ಯ ಯಾವುದಾದರೂ ಸರಿ, ಎರಕ ಒಂದೇ. ವಾಲ್ಥರ್ ಹೇಳಿದ್ದು ಇದಲ್ಲ. ಮೂರನೇ ಥೀಸಿಸ್‌ನಲ್ಲೇ ಇದು ಎಲ್ಲಕ್ಕಿಂತ ಕಷ್ಟದ ಕಲೆ, ಪವಿತ್ರಾತ್ಮನು ಅನುಭವದ ಶಾಲೆಯಲ್ಲಿ ಕಲಿಸಬೇಕು ಅಂದಿದ್ದಾರೆ. ಸೂತ್ರಕ್ಕೆ ಶಾಲೆ ಯಾಕೆ ಬೇಕಿತ್ತು?

ಇನ್ನೊಂದು ಕಷ್ಟವೂ ಉಳಿಯುತ್ತದೆ. ಹೆದರಿದವನಿಗೆ ಸುವಾರ್ತೆ, ಸೊಕ್ಕಿನವನಿಗೆ ಧರ್ಮಶಾಸ್ತ್ರ, ಸರಿ. ಆದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಎಷ್ಟೋ ಸಲ ಇಬ್ಬರೂ ಒಬ್ಬನೇ ಆಗಿರುತ್ತಾನೆ. ಆಫೀಸಿನಲ್ಲಿ ಸೊಕ್ಕು, ರಾತ್ರಿ ನಿದ್ದೆ ಬಾರದೆ ಭಯ. ಮನೆಗೆ ಹೋಗಿ ಒಬ್ಬರ ಹತ್ತಿರ ಮಾತಾಡುವಾಗ ವಾಲ್ಥರ್ ಹೇಳಿದ್ದು ನೇರ ಉಪಯೋಗಕ್ಕೆ ಬರುತ್ತದೆ. ನೂರು ಜನರ ಎದುರು ನಿಂತಾಗ ನಮ್ಮ ತಲೆಯನ್ನೇ ಓಡಿಸಬೇಕು.

ಬೇರೆಯವರ ಬಗ್ಗೆ ಅವರ ಬಾಯಿ ಖಾರ. ರೋಮನ್ ಕ್ಯಾಥೊಲಿಕರು, ಮೆಥಡಿಸ್ಟರು, ರಿಫಾರ್ಮ್ಡ್ ಸಭೆಯವರು, ಯಾರಿಗೂ ರಿಯಾಯಿತಿ ಇಲ್ಲ. ನನ್ನ ಸಿ.ಎಸ್.ಐ. ಸಭೆ ಇವರಲ್ಲಿ ಇಬ್ಬರು ಆಂಗ್ಲಿಕನ್ನರ ಜೊತೆ ಸೇರಿ ಆದ ಮನೆ, ಪಕ್ಕದ ಓಣಿಯಲ್ಲಿ ಕ್ಯಾಥೊಲಿಕ್ ಗೆಳೆಯರು. ಕೆಲವು ಪುಟ ಓದುವಾಗ ಮುಜುಗರ ಆಯಿತು. 1999ರ ಅಕ್ಟೋಬರ್ 31ರಂದು ಲೂಥರನ್ ವರ್ಲ್ಡ್ ಫೆಡರೇಶನ್ ಮತ್ತು ಕ್ಯಾಥೊಲಿಕ್ ಸಭೆ ಆಗ್ಸ್‌ಬರ್ಗ್‌ನಲ್ಲಿ ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಅನ್ನುವ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದವು. ವಾಲ್ಥರ್ ಕಟ್ಟಿದ ಮಿಸೌರಿ ಸಿನಡ್ ಅದನ್ನು ಒಪ್ಪಲಿಲ್ಲ. ಮಾತು ಒಂದೇ, ಅರ್ಥ ಇಬ್ಬರದೂ ಬೇರೆ ಅನ್ನುವುದು ಅವರ ತಕರಾರು. ಈ ಪುಸ್ತಕ ಓದಿದ ಮೇಲೆ ಅವರು ಯಾಕೆ ಒಪ್ಪಲಿಲ್ಲ ಅನ್ನುವುದಾದರೂ ತಿಳಿಯುತ್ತದೆ. ಒಪ್ಪಬೇಕಿತ್ತೋ ಬೇಡವೋ, ಆ ಪಂಚಾಯಿತಿ ಪ್ರೆಸ್ಸಿನವನಿಗೆ ಬೇಡ.

ಇನ್ನೂ ಒಂದು ಕೊಂಕು. ಸುವಾರ್ತೆ ಮೇಲುಗೈ ಆಗಿರಬೇಕು ಅಂತ ಕಲಿಸುವ ಪುಸ್ತಕದಲ್ಲಿ ‘ಹೀಗೆ ಮಾಡಿದರೆ ಕೆಟ್ಟಿತು’ ಅನ್ನುವ ಥೀಸಿಸ್‌ಗಳು 21! ಪ್ರಸಂಗಿಗಳ ಮಟ್ಟಿಗೆ ಇದು ಅಪ್ಪಟ ಧರ್ಮಶಾಸ್ತ್ರ. ನಡುವೆ ಒಂದು ಹಂತದಲ್ಲಿ ನನಗೆ ಪೀಠ ಹತ್ತುವುದೇ ಬೇಡ ಅನಿಸಿಬಿಟ್ಟಿತ್ತು. ಇಪ್ಪತ್ತೈದನೆಯದು ಬಂದಾಗ ಉಸಿರು ಬಂತು. ಎಲ್ಲ ಹೇಳಿ ಮುಗಿಸಿ ವಾಲ್ಥರ್ ಅಲ್ಲಿ ಹುಡುಗರಿಗೆ ಹೇಳುವುದು ಇಷ್ಟೇ: ನಿಮ್ಮ ಒಟ್ಟು ಬೋಧನೆಯಲ್ಲಿ ಸುವಾರ್ತೆ ಮುಂದೆ ಇರಲಿ. ಜನ ನಿಮ್ಮ ಪ್ರಸಂಗ ಕೇಳಿ ಸಂತೋಷದಿಂದ ಮನೆಗೆ ಹೋಗಲಿ. ಆ ಕೊನೆಯ ಪಾಠ ಹೇಳುವ ವರ್ಷದಲ್ಲೇ ಅವರ ಹೆಂಡತಿ ತೀರಿಕೊಂಡಿದ್ದರು.

ಈಗ ಎರಡು ಅನುವಾದಗಳ ಮಾತು. 1929ರದ್ದು ಅಂತರ್ಜಾಲದಲ್ಲಿ ಹುಡುಕಿದರೆ ಪುಕ್ಕಟೆ ಸಿಗುತ್ತದೆ. ಭಾಷೆ ಹಳೆಯದು, ವಾಕ್ಯಗಳು ಉದ್ದ, ಆದರೆ ಮುದುಕರ ಗಡಸು ದನಿ ಅದರಲ್ಲಿ ಚೆನ್ನಾಗಿ ಕೇಳುತ್ತದೆ. 2010ರದ್ದು ಕ್ರಿಶ್ಚಿಯನ್ ಟೀವ್ಸ್ ಮಾಡಿದ ಅನುವಾದ. ಇಂಗ್ಲಿಷ್ ಸಲೀಸು. ಪಿಯುಸಿ ಇಂಗ್ಲಿಷ್ ಇದ್ದರೆ ಸಾಕು, ತಡವರಿಸದೆ ಓದಬಹುದು. ಹೆಸರು, ಚಳುವಳಿ, ಹಳೆಯ ಜಗಳಗಳಿಗೆಲ್ಲ ವಿವರಣೆ ಕೊಟ್ಟಿದ್ದಾರೆ. ನನ್ನಂಥವರಿಗೆ ಅದರಿಂದ ತುಂಬ ಉಪಕಾರ. ಆದರೆ ಮುನ್ನುಡಿ ಭಾಗ ಜಾಸ್ತಿ ಆಯಿತು. ಹತ್ತೊಂಬತ್ತನೇ ಶತಮಾನದ ಜರ್ಮನಿ, ಅಮೆರಿಕ ಅಂತ ಎಲ್ಲ ಓದಿ ಮುಗಿಸುವಷ್ಟರಲ್ಲಿ ವಾಲ್ಥರ್ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಅದನ್ನು ದಾಟಿ ನೇರ ಮೊದಲ ಪಾಠಕ್ಕೆ ಹೋಗಿ. ಬೇಕಾದರೆ ಹಿಂದೆ ಬನ್ನಿ. ವಾಲ್ಥರ್ ಲೂಥರನ ಬರಹಗಳನ್ನು ಪುಟಗಟ್ಟಲೆ ಓದಿ ಹೇಳುತ್ತಾರೆ. ಕೆಲವು ಕಡೆ ಅದು ಪಾಠಕ್ಕಿಂತ ಸೊಗಸು, ಕೆಲವು ಕಡೆ ಆಕಳಿಕೆ.

ಪ್ರೆಸ್ಸಿನವನ ಕಣ್ಣಿಗೆ: ಗಟ್ಟಿ ರಟ್ಟು, ಅಕ್ಷರ ಓದಲು ಹಿತ. ಆದರೆ ಐನೂರು ಪುಟ ಮೀರಿದ ಪುಸ್ತಕ, ಕೈಯಲ್ಲಿ ಹಿಡಿದು ಮಲಗಿ ಓದುವ ಹಾಗಿಲ್ಲ. ಮೇಜು ಬೇಕು. ನನ್ನ ಪ್ರತಿಯನ್ನು ತಂದುಕೊಟ್ಟ ಕೊರಿಯರಿನವರು ಒಂದು ಮೂಲೆ ಜಜ್ಜಿ ತಂದರು. ಮೈದಾ ಅಂಟು ಹಚ್ಚಿ, ಎರಡು ದಿನ ಪೇಪರ್ ಕಟ್ಟರಿನ ಕೆಳಗೆ ಒತ್ತಿಟ್ಟು ನಾನೇ ಸರಿ ಮಾಡಿಕೊಂಡೆ. ಹೊರದೇಶದಿಂದ ತರಿಸುವವರು ಸಾಗಾಣಿಕೆ ಖರ್ಚನ್ನು ಮೊದಲೇ ನೋಡಿಕೊಳ್ಳಿ. ಅದೇ ಪುಸ್ತಕದ ಬೆಲೆಯ ಹತ್ತಿರ ಬರುತ್ತದೆ. ಗೆಳೆಯರು ಯಾರಾದರೂ ಅಮೆರಿಕದಿಂದ ಬರುವವರಿದ್ದರೆ ಅವರ ಪೆಟ್ಟಿಗೆಯಲ್ಲಿ ಜಾಗ ಕೇಳುವುದು ಜಾಣತನ.

ಜೊತೆಗೆ ಇನ್ನೊಂದನ್ನು ಇಟ್ಟುಕೊಳ್ಳಿ. 1530ರ ಆಗ್ಸ್‌ಬರ್ಗ್ ಅರಿಕೆಯ (ಲೂಥರನ್ನರ ಮೂಲ ನಂಬಿಕೆ ಪತ್ರದ) ನಾಲ್ಕನೇ ಲೇಖನ, ಅದಕ್ಕೆ ಲೂಥರನ ಜೊತೆಗಾರ ಮೆಲಾಂಕ್ಥನ್ ಬರೆದ ಸಮರ್ಥನೆ. ಲೇಖನ ನಾಲ್ಕೈದು ಸಾಲು, ಸಮರ್ಥನೆ ಮಾತ್ರ ಮಾರುದ್ದ. ನಡುಗುವ ಮನಸ್ಸಾಕ್ಷಿ ಯಾವುದಕ್ಕೆ ಆತುಕೊಳ್ಳಬೇಕು ಅಂತ ಮೆಲಾಂಕ್ಥನ್ ಮತ್ತೆ ಮತ್ತೆ ಕೇಳುವುದನ್ನು ಓದಿದರೆ, ವಾಲ್ಥರ್ ಹೊಸದೇನೂ ಕಟ್ಟಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಇದಕ್ಕೆ ಎದುರು ದನಿ ಬೇಕಾದರೆ ಸ್ವಿಸ್ ದೇವಶಾಸ್ತ್ರಿ ಕಾರ್ಲ್ ಬಾರ್ತ್ 1935ರಲ್ಲಿ ಬರೆದ ಪ್ರಬಂಧ ಇದೆ. ಮೊದಲು ಸುವಾರ್ತೆ, ಆಮೇಲೆ ಧರ್ಮಶಾಸ್ತ್ರ ಅಂತ ಸಾಲನ್ನೇ ತಿರುಗಿಸಿದ್ದಾರೆ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸೋಮವಾರ ಬೆಳಗ್ಗಿನ ಲೆಕ್ಕಕ್ಕೆ. ಓದುವುದಾದರೆ ವಾರಕ್ಕೆ ಒಂದು ಪಾಠ ಸಾಕು, ಹುಡುಗರು ಕೇಳಿದ್ದೂ ಹಾಗೆಯೇ. ಕೊಳ್ಳುವ ಮುಂಚೆ 25 ಥೀಸಿಸ್‌ಗಳನ್ನಷ್ಟೇ ಅಂತರ್ಜಾಲದಲ್ಲಿ ಓದಿ ನೋಡಿ. ಎರಡು ಮೂರು ಪುಟ, ಅರ್ಧ ಗಂಟೆ ಸಾಕು. ಅದರಲ್ಲಿ ಎಲ್ಲಾದರೂ ನಿಮ್ಮದೇ ಹೋದ ಭಾನುವಾರದ ಪ್ರಸಂಗ ಕಣ್ಣಿಗೆ ಬಿದ್ದರೆ ಆರ್ಡರ್ ಹಾಕಿ.